ಹಗ್ಗದ ಗಂಟು: ತೋಟದ ಮನೆಯ ನಾಟಕ ಬರೆದು ರಂಗಕ್ಕೆ ತರುವುದು ಹೇಗೆ

ಒಂದು ತೋಟ. ನಡುವೆ ಒಂದು ಮನೆ. ಮನೆಯೊಳಗೆ ಮೂರು ತಲೆಮಾರು. ಕೊನೆಗೆ ಏನೋ ಒಂದು ಕೈತಪ್ಪಿ ಹೋಗುತ್ತದೆ. ಇಂಥ ನಾಟಕ ಬರೆಯಬೇಕು ಅಂತ ಬಹಳ ಜನಕ್ಕೆ ಆಸೆ ಇರುತ್ತದೆ. ಆದರೆ ಬರೆಯಲು ಕೂತರೆ ಎರಡನೇ ಪುಟಕ್ಕೇ ಯಾರಾದರೂ ಒಬ್ಬರು ಆಕಾಶ ನೋಡಿ "ಎಲ್ಲ ವಿಧಿಯಾಟ" ಅಂದುಬಿಡುತ್ತಾರೆ. ಅಲ್ಲಿಗೆ ನಾಟಕ ಕುಸಿದು ಕೂರುತ್ತದೆ. ವಿಧಿಯೇ ಎಲ್ಲ ಮಾಡುತ್ತದೆ ಅಂದಮೇಲೆ ಪಾತ್ರಗಳಿಗೆ ಮಾಡಲು ಕೆಲಸ ಏನು ಉಳಿಯಿತು?

ನಾನು ಇಂಥ ನಾಟಕಗಳನ್ನು ಬರೆದೂ ಕೆಟ್ಟಿದ್ದೇನೆ, ಆಡಿಸಿಯೂ ಕೆಟ್ಟಿದ್ದೇನೆ. ಅದರಿಂದ ಕಲಿತದ್ದು ಇಷ್ಟೇ: ವಿಧಿಯನ್ನು ಯಾರ ಬಾಯಲ್ಲೂ ಹೇಳಿಸಬಾರದು, ಮನೆಯವರ ಕೈಯಿಂದಲೇ ಮಾಡಿಸಬೇಕು. ಒಬ್ಬೊಬ್ಬರೂ ಒಳ್ಳೆಯದಕ್ಕೇ ಅಂತ ಮಾಡಿದ ಕೆಲಸಗಳು ಒಟ್ಟು ಸೇರಿ ಮನೆಯನ್ನು ಎತ್ತಿಕೊಂಡು ಹೋಗಬೇಕು. ಅದನ್ನು ಹೇಗೆ ಕಟ್ಟುವುದು ಅಂತ ಹಂತ ಹಂತವಾಗಿ ನೋಡೋಣ.

ಹಂತ 1: ಮೊದಲು ಜಮೀನು, ಆಮೇಲೆ ಜನ

ಪಾತ್ರಗಳಿಂದ ಶುರು ಮಾಡಬೇಡಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು ತೋಟದ ನಕ್ಷೆ ಬರೆಯಿರಿ. ಮನೆ ಎಲ್ಲಿ, ಬಾವಿ ಎಲ್ಲಿ, ದಾರಿ ಯಾವ ಕಡೆಯಿಂದ ಬರುತ್ತದೆ, ಎತ್ತರದ ತುಂಡು ಯಾವುದು, ಮಳೆ ನೀರು ಯಾವ ಕಡೆ ಹರಿಯುತ್ತದೆ, ಬೇಲಿಯಾಚೆ ಯಾರು. ಈ ನಕ್ಷೆ ಪ್ರೇಕ್ಷಕರಿಗೆ ಎಂದೂ ಕಾಣುವುದಿಲ್ಲ. ಆದರೆ ಅದಿಲ್ಲದಿದ್ದರೆ ನಿಮ್ಮ ಪಾತ್ರಗಳು ತೋಟದಿಂದ ಬಂದವರ ಹಾಗೆ ಕಾಣುವುದಿಲ್ಲ, ಸೈಡ್ ವಿಂಗ್‌ನಿಂದ ಬಂದವರ ಹಾಗೆ ಕಾಣುತ್ತಾರೆ.

ನಕ್ಷೆಯ ಪಕ್ಕದಲ್ಲೇ ಲೆಕ್ಕ ಬರೆಯಿರಿ. ಜಮೀನು ಯಾರ ಹೆಸರಲ್ಲಿದೆ? ದುಡಿಯುವವರು ಯಾರು? ಸಾಲ ಎಷ್ಟಿದೆ, ಯಾರಿಗೆ ತೀರಿಸಬೇಕು? ಯಜಮಾನ ನಾಳೆ ಇಲ್ಲವಾದರೆ ಯಾರಿಗೆ ಏನು ಬರುತ್ತದೆ? ಹೆಸರು ಇರುವವರು ಒಬ್ಬರು, ಬೆವರು ಸುರಿಸುವವರು ಇನ್ನೊಬ್ಬರು ಆಗಿದ್ದರೆ ನಾಟಕದ ಅರ್ಧ ಜಗಳ ತಾನಾಗಿಯೇ ಸಿಕ್ಕಿತು.

ಬೆಳೆ ಯಾವುದು ಅನ್ನುವುದನ್ನೂ ಈಗಲೇ ಗಟ್ಟಿ ಮಾಡಿಕೊಳ್ಳಿ. ವರ್ಷಕ್ಕೊಮ್ಮೆ ಬಿತ್ತಿ ಕೊಯ್ಯುವ ಬೆಳೆಯಾದರೆ ನಾಟಕದ ಕಾಲ ಒಂದು ಋತುವಿನದು. ಸೋತರೆ ಮುಂದಿನ ವರ್ಷ ಇದೆ. ಮರದ ಬೆಳೆ ಹಾಗಲ್ಲ. ಅಜ್ಜ ನೆಟ್ಟ ಮರವನ್ನು ಮೊಮ್ಮಗ ಕಡಿಯಬೇಕಾಗಿ ಬಂದರೆ ಅಲ್ಲಿ ಕಡಿಯುವುದು ಮರ ಒಂದನ್ನೇ ಅಲ್ಲ ಅಂತ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಾಗಿಲ್ಲ. ವಿಧಿಯ ಕಥೆಗೆ ಮರದ ತೋಟ ಹೆಚ್ಚು ಒದಗುತ್ತದೆ ಅಂತ ನನ್ನ ಅನಿಸಿಕೆ.

ಹಂತ 2: ಯಾವ ವಿಧಿ?

"ವಿಧಿ" ಅಂತ ಒಂದೇ ಮಾತಲ್ಲಿ ಹೇಳುತ್ತೇವೆ. ರಂಗದ ಮೇಲೆ ಅದಕ್ಕೆ ಕನಿಷ್ಠ ಮೂರು ಮುಖ ಇವೆ.

ಮೊದಲನೆಯದು ಮುಂಚೆಯೇ ನುಡಿದದ್ದು. ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಅದರಲ್ಲಿ ಗಮನಿಸಬೇಕಾದ್ದು ಕಣಿಯ ಮಾತಿಗಿಂತ ಈಡಿಪಸ್ ಮಾಡಿದ ಕೆಲಸ. ತಂದೆಯನ್ನು ಕೊಲ್ಲುತ್ತೀಯ ಅಂತ ಕೇಳಿದ ಮೇಲೆ ಅವನು ಯಾವ ಸಭ್ಯ ಮಗನೂ ಮಾಡುವುದನ್ನೇ ಮಾಡುತ್ತಾನೆ. ಸಾಕಿದವರನ್ನೇ ಹೆತ್ತವರು ಅಂತ ನಂಬಿ, ತಾನು ಬೆಳೆದ ಕೊರಿಂಥ್ ಬಿಟ್ಟು ದೂರ ಹೋಗುತ್ತಾನೆ. ಆ ದಾರಿಯಲ್ಲೇ ನಿಜವಾದ ತಂದೆ ಎದುರಾಗುತ್ತಾನೆ. ತಪ್ಪಿಸಿಕೊಳ್ಳಲು ಹಿಡಿದ ದಾರಿಯೇ ಅಲ್ಲಿಗೆ ತಲುಪಿಸಿತು.

ಎರಡನೆಯದು ರಕ್ತದಲ್ಲಿ ಬಂದದ್ದು. ಅಪ್ಪನ ಹಾಗೆ ಆಗಬಾರದು ಅಂತ ಹಟ ಹಿಡಿದ ಮಗ ಕೊನೆಗೆ ಅಪ್ಪನ ಕುರ್ಚಿಯಲ್ಲೇ, ಅಪ್ಪನ ದನಿಯಲ್ಲೇ ಮಾತಾಡುತ್ತಾನೆ.

ಮೂರನೆಯದು ಕಾಲ. ಇಲ್ಲಿ ಕಣಿ ಇಲ್ಲ, ಶಾಪವೂ ಇಲ್ಲ. ಲೋಕ ಬದಲಾಗುತ್ತಿದೆ, ಮನೆಯವರು ಬದಲಾಗುತ್ತಿಲ್ಲ, ಅಷ್ಟೇ. 1904ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ಮೊದಲು ಆಡಿದ, ರಷ್ಯಾದ ನಾಟಕಕಾರ ಚೆಕಾಫ್‌ನ "ಚೆರಿ ತೋಟ" ಇದೇ ಬಗೆ. ತೋಟದ ಹರಾಜು ಆಗಸ್ಟ್ 22ಕ್ಕೆ ಅಂತ ಮೊದಲ ಅಂಕದಲ್ಲೇ ಹೇಳಿಬಿಡುತ್ತಾರೆ. ಉಳಿಸಿಕೊಳ್ಳುವ ಉಪಾಯವೂ ಅಲ್ಲೇ ಸಿಗುತ್ತದೆ: ತೋಟ ಕಡಿದು ತುಂಡು ಮಾಡಿ ಬೇಸಿಗೆ ಮನೆಗಳಿಗೆ ಬಾಡಿಗೆ ಕೊಡಿ ಅಂತ ವ್ಯಾಪಾರಿ ಲೋಪಾಖಿನ್ ಬಿಡಿಸಿ ಹೇಳುತ್ತಾನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೊನೆಗೆ ಹರಾಜಿನಲ್ಲಿ ಕೊಳ್ಳುವವನೂ ಅವನೇ. ಅವನ ಅಪ್ಪ, ಅಜ್ಜ ಅದೇ ಜಮೀನಿನಲ್ಲಿ ಜೀತದಾಳುಗಳಾಗಿದ್ದವರು.

ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಕಣಿಯನ್ನೂ, ಶಾಪವನ್ನೂ, ಸಾಲವನ್ನೂ ಒಟ್ಟಿಗೆ ಕಲಸಿದರೆ ತೋಟ ಯಾಕೆ ಹೋಯಿತು ಅಂತ ಪ್ರೇಕ್ಷಕರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ನನ್ನ ಮೊದಲ ನಾಟಕದಲ್ಲಿ ಮೂರೂ ಇದ್ದವು. ಜೊತೆಗೆ ಒಂದು ಹಾವೂ ಇತ್ತು. ಅದರ ವಿಷಯ ಬಿಡಿ.

ಹಂತ 3: ಕೊನೆಯಿಂದ ಹಿಂದಕ್ಕೆ ನಡೆಯಿರಿ

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ಒಂದು ವಾರವಾದರೂ ಇಲ್ಲೇ ಕೂರಿ.

ಕೊನೆಯ ಚಿತ್ರವನ್ನು ಮೊದಲು ಬರೆಯಿರಿ. ನಾನು ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ. ಕೊನೆಯಲ್ಲಿ ತೋಟ ಮಾರಾಟವಾಗಿದೆ. ಅಕ್ಕ ಒಬ್ಬಳೇ ಬಾವಿಕಟ್ಟೆಯ ಮೇಲೆ ಕೂತು ಹಗ್ಗ ಸುತ್ತುತ್ತಿದ್ದಾಳೆ. ಈಗ ಹಿಂದಕ್ಕೆ ಹೋಗುತ್ತಾ ಪ್ರತಿ ಹೆಜ್ಜೆಗೂ ಎರಡು ಪ್ರಶ್ನೆ ಕೇಳಿ. ಇದು ಯಾರು ಮಾಡಿದ್ದರಿಂದ ಆಯಿತು? ಆಗ ಅವರಿಗೆ ಅದು ಯಾಕೆ ಸರಿ ಅನಿಸಿತ್ತು?

ತೋಟ ಯಾಕೆ ಹೋಯಿತು? ತಮ್ಮ ಅದನ್ನು ಅಡವಿಟ್ಟು ಸಾಲ ಮಾಡಿದ್ದ. ಸಾಲ ಯಾಕೆ? ಆಳದ ಬಾವಿ ಕೊರೆಸಲು. ಅಪ್ಪ ನೆಟ್ಟ ಮರಗಳು ಒಣಗುವುದನ್ನು ಅವನಿಂದ ನೋಡಲು ಆಗಲಿಲ್ಲ. ಹಳೆ ಬಾವಿ ಯಾಕೆ ಬತ್ತಿತು? ಮೇಲಿನ ತುಂಡನ್ನು ಕೊಂಡವರು ಅಲ್ಲಿ ಆಳಕ್ಕೆ ಕೊರೆಸಿ ಹಗಲೂ ರಾತ್ರಿ ಪಂಪ್ ಓಡಿಸುತ್ತಾರೆ. ಮೇಲಿನ ತುಂಡು ಮಾರಿದ್ದು ಯಾರು? ಅಪ್ಪ, ಹತ್ತು ವರ್ಷ ಹಿಂದೆ, ಇದೇ ತಮ್ಮನನ್ನು ಓದಿಸಲು. ಆಗ ಅಪ್ಪ ಹಿಂದೆ ಮುಂದೆ ನೋಡುತ್ತಿದ್ದಾಗ "ಮಾರಿ ಅಪ್ಪಾ, ಅವನು ಓದಲಿ" ಅಂತ ಹೇಳಿ ಮೊದಲ ಸಹಿ ಹಾಕಿದವಳು ಅಕ್ಕ.

ನೋಡಿದಿರಾ? ತೋಟವನ್ನು ಎಲ್ಲರಿಗಿಂತ ಜಾಸ್ತಿ ಹಚ್ಚಿಕೊಂಡವಳೇ ಅದು ಹೋಗುವ ದಾರಿ ತೆರೆದವಳು. ಕೆಟ್ಟವರು ಯಾರೂ ಇಲ್ಲ. ಬೇಲಿಯಾಚೆಯವರೂ ಕೆಟ್ಟವರಲ್ಲ, ಅವರದೂ ತೋಟ, ಅವರದೂ ನೀರಿನ ಗೋಳು.

ಇಲ್ಲಿ ಒಂದು ವಿಷಯ ಗೊತ್ತಿರಲಿ. ಇಂಥ ಕಥೆಯಲ್ಲಿ ಲೋಕದ ಲೆಕ್ಕ ತಪ್ಪಬಾರದು. ಆಳದಿಂದ ಜೋರಾಗಿ ನೀರೆತ್ತಿದರೆ ಅದರ ಸುತ್ತ ನೆಲದೊಳಗಿನ ನೀರಿನ ಮಟ್ಟ ಕೊಳವೆಯ ಕಡೆಗೆ ಬಾಗಿ, ಕವುಚಿಟ್ಟ ಆಲಿಕೆಯಂತಲ್ಲ, ನೆಟ್ಟಗಿಟ್ಟ ಆಲಿಕೆಯ ಹಾಗೆ ಇಳಿಯುತ್ತದೆ. ಅದರೊಳಗೆ ಸಿಕ್ಕ ಆಳವಿಲ್ಲದ ಬಾವಿಗಳು ಮೊದಲು ಬತ್ತುತ್ತವೆ. ಒಂದೇ ದಿನ ಬತ್ತುವುದಿಲ್ಲ, ಮೊಳ ಮೊಳವಾಗಿ ಇಳಿಯುತ್ತದೆ. ಇದು ಗೊತ್ತಿದ್ದರೆ "ನಿನ್ನೆ ತುಂಬಿತ್ತು, ಇವತ್ತು ಖಾಲಿ" ಅನ್ನುವ ಸಿನಿಮೀಯ ದೃಶ್ಯ ನೀವು ಬರೆಯುವುದಿಲ್ಲ. ಬದಲಿಗೆ ಹಗ್ಗ ಸಾಲದೆ ಬರುವ ದೃಶ್ಯ ಬರೆಯುತ್ತೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಸರಪಳಿ ಗಟ್ಟಿಯಾಗಿದೆಯಾ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಎರಡು ಘಟನೆಗಳ ನಡುವೆ "ಆಮೇಲೆ" ಅಂತ ಬಂದರೆ ಅದು ಸಡಿಲ. "ಹಾಗಾಗಿ" ಅಂತ ಬಂದರೆ ಗಟ್ಟಿ. ತಮ್ಮ ಓದಲು ಹೋದ, ಆಮೇಲೆ ಬಾವಿ ಬತ್ತಿತು. ಇದು ಸುದ್ದಿ. ತಮ್ಮ ಓದಬೇಕಿತ್ತು, ಹಾಗಾಗಿ ಮೇಲಿನ ತುಂಡು ಹೋಯಿತು, ಹಾಗಾಗಿ ಬಾವಿ ಬತ್ತಿತು. ಇದು ನಾಟಕ.

ಆಕಸ್ಮಿಕ ಬೇಡವೇ ಬೇಡವಾ? ಒಂದು ಇರಲಿ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಒಂದು ಸಂಗತಿ ಹೇಳುತ್ತಾನೆ. ಆರ್ಗೋಸ್‌ನಲ್ಲಿ ಮಿಟಿಸ್ ಎಂಬವನ ಪ್ರತಿಮೆ ಇತ್ತು. ಅದನ್ನು ನೋಡುತ್ತಾ ನಿಂತಿದ್ದ ಒಬ್ಬನ ಮೇಲೆ ಅದು ಬಿದ್ದು ಅವನು ಸತ್ತ. ಸತ್ತವನು ಮಿಟಿಸ್‌ನನ್ನು ಕೊಂದವನೇ. ಬಿದ್ದದ್ದು ಆಕಸ್ಮಿಕ. ಆದರೆ ಬೇಕೆಂದೇ ಬಿದ್ದ ಹಾಗೆ ಕಾಣುತ್ತದೆ. ನಿಮ್ಮ ನಾಟಕದಲ್ಲಿ ಆಕಸ್ಮಿಕ ಬಂದರೆ ಹೀಗಿರಬೇಕು. ಅದು ಮನೆಯನ್ನು ಕಷ್ಟಕ್ಕೆ ತಳ್ಳಬಹುದು, ಕಷ್ಟದಿಂದ ಎತ್ತಬಾರದು. ಕೊನೆಯ ದೃಶ್ಯದಲ್ಲಿ ಯಾರೋ ದೂರದ ನೆಂಟರು ಹಣ ತಂದು ಕೊಟ್ಟರೆ ಪ್ರೇಕ್ಷಕರು ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ.

ಹಂತ 4: ಪಾತ್ರಗಳಿಗೆ ಒಂದೊಂದು ಮಾತು ಕೊಡಿ

ಪ್ರತಿ ಪಾತ್ರಕ್ಕೂ ಎರಡು ಸಾಲು ಬರೆದುಕೊಳ್ಳಿ. ಯಾರಿಗೆ ಏನು ಮಾತು ಕೊಟ್ಟಿದ್ದಾರೆ, ಯಾವ ವಿಷಯ ಬಾಯಿ ಬಿಟ್ಟು ಹೇಳಿಲ್ಲ. ಅಪ್ಪ ತನ್ನ ಅಪ್ಪನಿಗೆ ಮಾತು ಕೊಟ್ಟಿದ್ದಾನೆ, ಅಕ್ಕ ತೀರಿಕೊಂಡ ಅಮ್ಮನಿಗೆ ಕೊಟ್ಟಿದ್ದಾಳೆ, ತಮ್ಮ ತನಗೆ ತಾನೇ ಕೊಟ್ಟುಕೊಂಡಿದ್ದಾನೆ. ಈ ಮಾತುಗಳು ಒಂದಕ್ಕೊಂದು ಎದುರಾದಾಗ ಯಾರನ್ನೂ ಬೈಯದೆ ಜಗಳ ಹುಟ್ಟುತ್ತದೆ.

ಪಾತ್ರಗಳ ಸಂಖ್ಯೆ ಐದು, ಆರಕ್ಕೆ ನಿಲ್ಲಲಿ. ಹೊರಗಿನಿಂದ ಬಂದ ಒಬ್ಬರು ಇರಲೇಬೇಕು. ಸೊಸೆ ಇರಬಹುದು, ಕೆಲಸಕ್ಕೆ ಬಂದವರು ಇರಬಹುದು. ಮನೆಯವರಿಗೆ ಅಭ್ಯಾಸವಾಗಿ ಕಾಣದೆ ಹೋದದ್ದು ಅವರಿಗೆ ಕಾಣುತ್ತದೆ. ಅವರು ಕೇಳುವ ಸಣ್ಣ ಪ್ರಶ್ನೆಯಿಂದ ಹಳೆ ಕಥೆ ಹೊರಗೆ ಬರುತ್ತದೆ. ಇಲ್ಲದಿದ್ದರೆ "ನಿನಗೆ ಗೊತ್ತೇ ಇದೆಯಲ್ಲ, ಹತ್ತು ವರ್ಷದ ಹಿಂದೆ..." ಅಂತ ಅಕ್ಕ ತಮ್ಮನಿಗೆ ಗೊತ್ತಿರುವುದನ್ನೇ ಹೇಳಬೇಕಾಗುತ್ತದೆ.

ಹೆಸರು ಇಡಲೇಬೇಕೆಂದೇನೂ ಇಲ್ಲ. 1933ರಲ್ಲಿ ರಂಗಕ್ಕೆ ಬಂದ ಸ್ಪೇನಿನ ನಾಟಕಕಾರ ಲೋರ್ಕಾನ "ರಕ್ತದ ಮದುವೆ" ನಾಟಕದಲ್ಲಿ ಹೆಸರಿರುವುದು ಮದುಮಗಳನ್ನು ಹಾರಿಸಿಕೊಂಡು ಹೋಗುವ ಲಿಯೊನಾರ್ಡೊ ಒಬ್ಬನಿಗೇ. ಉಳಿದವರು ತಾಯಿ, ಮದುಮಗ, ಮದುಮಗಳು, ಹೆಂಡತಿ. ಮನೆತನ ಮತ್ತು ಜಮೀನು ಜನರಿಗಿಂತ ದೊಡ್ಡದಾದ ಲೋಕದಲ್ಲಿ ಸಂಬಂಧವೇ ಹೆಸರು. ಕಟ್ಟುಪಾಡು ಮುರಿದವನೊಬ್ಬನಿಗೆ ಮಾತ್ರ ಸ್ವಂತ ಹೆಸರಿದೆ.

ಹಂತ 5: ಒಂದು ವಸ್ತು ಹಿಡಿಯಿರಿ

ಅದೇ ಲೋರ್ಕಾನ ನಾಟಕದ ಮೊದಲ ದೃಶ್ಯ ನೋಡಿ. ಮಗ ದ್ರಾಕ್ಷಿ ಕೊಯ್ಯಲು ಚಾಕು ಕೇಳುತ್ತಾನೆ. ತಾಯಿ ಚಾಕುವನ್ನೂ ಅದನ್ನು ಮಾಡಿದವರನ್ನೂ ಶಪಿಸುತ್ತಾಳೆ. ಅವಳ ಗಂಡ, ಇನ್ನೊಬ್ಬ ಮಗ ಹಾಗೇ ಸತ್ತವರು. ಕೊನೆಯಲ್ಲಿ ಇಬ್ಬರು ಗಂಡಸರು ಸಾಯುವುದೂ ಚಾಕುವಿನಿಂದಲೇ. ಮೊದಲ ನಿಮಿಷದಲ್ಲೇ ಎಲ್ಲ ಹೇಳಿ ಆಗಿದೆ. ಆದರೂ ನಾವು ಕೊನೆತನಕ ಕೂರುತ್ತೇವೆ.

ನಮ್ಮ ಉದಾಹರಣೆಯಲ್ಲಿ ಆ ಕೆಲಸ ಬಾವಿಯ ಹಗ್ಗದ್ದು. ಮೊದಲ ಅಂಕದಲ್ಲಿ ಕೊಡ ನೀರು ಮುಟ್ಟಿದ ಮೇಲೂ ಅಕ್ಕನ ಕಾಲ ಬಳಿ ಹಗ್ಗ ಸುರುಳಿಯಾಗಿ ಬಿದ್ದಿರುತ್ತದೆ. ಎರಡನೇ ಅಂಕದಲ್ಲಿ ಸುರುಳಿ ಇಲ್ಲ. ಇನ್ನೊಂದು ಹಗ್ಗ ತಂದು ಗಂಟು ಹಾಕಿದ್ದಾಳೆ. ಆ ಗಂಟು ಪ್ರತಿ ಸಲ ರಾಟೆಗೆ ಬಂದಾಗ ಒಂದು ಕ್ಷಣ ಸಿಕ್ಕಿ, ಕಟ್ ಅಂತ ಸದ್ದು ಮಾಡಿ ದಾಟುತ್ತದೆ. ಮೂರನೇ ಅಂಕದಲ್ಲಿ ಗಂಟು ಮೂರು. ಕೊಡ ಇಳಿದು ಕಲ್ಲಿಗೆ ತಾಗುತ್ತದೆ. ನೀರಿಗೆ ಬಿದ್ದ ಕೊಡದ ಸದ್ದಿಗೂ ಕಲ್ಲಿಗೆ ತಾಗಿದ ಕೊಡದ ಸದ್ದಿಗೂ ಇರುವ ವ್ಯತ್ಯಾಸ ಹಿಂದಿನ ಸಾಲಿನ ಮಗುವಿಗೂ ಗೊತ್ತಾಗುತ್ತದೆ.

ಇಂಥ ವಸ್ತು ಆರಿಸುವಾಗ ನೋಡಬೇಕಾದ್ದು: ಅದು ದಿನದ ಕೆಲಸಕ್ಕೆ ಬೇಕಾದ್ದೇ ಆಗಿರಬೇಕು, ನಾಟಕ ಮುಂದುವರಿದಂತೆ ಅದು ಬದಲಾಗಬೇಕು, ಅದರ ಬಗ್ಗೆ ಯಾರೂ ಭಾಷಣ ಮಾಡಬಾರದು. ಗೋಡೆಯ ಮೇಲಿನ ಅಜ್ಜನ ಫೋಟೋ ಬಹಳ ಜನ ಬಳಸುತ್ತಾರೆ. ನನಗೆ ಹಿಡಿಸುವುದಿಲ್ಲ. ಅದು ಸುಮ್ನೆ ನೇತಾಡುತ್ತಿರುತ್ತದೆ.

ಹಂತ 6: ಮಾತು

ತೋಟದ ಮನೆಯಲ್ಲಿ ಯಾರೂ ಕೈಕಟ್ಟಿ ನಿಂತು ಮಾತಾಡುವುದಿಲ್ಲ. ಕೈ ಕೆಲಸದಲ್ಲಿರುತ್ತದೆ, ಮಾತು ಪಕ್ಕದಲ್ಲಿ ನಡೆಯುತ್ತದೆ. ಪ್ರತಿ ದೃಶ್ಯಕ್ಕೂ ಮೊದಲು ಕೆಲಸ ಗೊತ್ತುಮಾಡಿ, ಆಮೇಲೆ ಮಾತು ಬರೆಯಿರಿ.

ಮೊದಲ ಕರಡು ಹೀಗಿರುತ್ತದೆ, ನನ್ನದೂ ಹೀಗೇ ಇತ್ತು:

ಅಕ್ಕ: ಇದೆಲ್ಲ ನಮ್ಮ ಹಣೆಬರಹ, ತಮ್ಮಾ. ಅಂದು ಅಪ್ಪ ನಿನ್ನನ್ನು ಓದಿಸಲು ಮೇಲಿನ ತುಂಡು ಮಾರದೇ ಇದ್ದಿದ್ದರೆ ಇಂದು ಬಾವಿಯಲ್ಲಿ ನೀರಿರುತ್ತಿತ್ತು.
ತಮ್ಮ: ಅಯ್ಯೋ ಅಕ್ಕಾ, ಹಾಗಾದರೆ ಇದಕ್ಕೆಲ್ಲ ನಾನೇ ಕಾರಣ!

ಎಲ್ಲ ಮಾಹಿತಿಯೂ ಇದೆ, ಜೀವ ಇಲ್ಲ. ಇದನ್ನೇ ಬಾವಿಕಟ್ಟೆಗೆ ತನ್ನಿ:

(ಅಕ್ಕ ನೀರು ಸೇದುತ್ತಿದ್ದಾಳೆ. ತಮ್ಮ ಬಂದು ಹಿಂದೆ ನಿಲ್ಲುತ್ತಾನೆ.)
ತಮ್ಮ: ಕೊಡಕ್ಕ, ನಾನು ಸೇದ್ತೀನಿ.
ಅಕ್ಕ: ಬೇಡ. ಗಂಟು ಎಲ್ಲಿ ಬರುತ್ತೆ ಅಂತ ನಿಂಗೆ ಗೊತ್ತಾಗಲ್ಲ. ರಾಟೆಗೆ ಸಿಕ್ಕಿಸಿಬಿಡ್ತೀಯ.
ತಮ್ಮ: ಎಷ್ಟು ಗಂಟಿದೆ?
ಅಕ್ಕ: ಮೊನ್ನೆವರೆಗೂ ಒಂದೇ ಇತ್ತು.
(ಕೊಡ ಮೇಲೆ ಬರುತ್ತದೆ. ಅರ್ಧ ಖಾಲಿ. ಮೇಲಿನ ತೋಟದಿಂದ ಪಂಪಿನ ಸದ್ದು.)
ತಮ್ಮ: ಅಪ್ಪಂಗೆ ಹೇಳಿದ್ಯಾ?
ಅಕ್ಕ: ಸ್ನಾನಕ್ಕೆ ಒಂದು ಕೊಡ ಕಮ್ಮಿ ಇಟ್ಟೆ.
ತಮ್ಮ: ಏನಂದ್ರು?
ಅಕ್ಕ: ಏನೂ ಕೇಳಲಿಲ್ಲ.

ಇಲ್ಲಿ ವಿಧಿ ಎಂಬ ಪದ ಇಲ್ಲ. ತಪ್ಪು ಯಾರದು ಅಂತ ಇಲ್ಲ. ಆದರೆ ಅಪ್ಪನಿಗೆ ಗೊತ್ತು, ಗೊತ್ತಿದ್ದೂ ಕೇಳಲಿಲ್ಲ ಅನ್ನುವುದು ನಮಗೆ ಗೊತ್ತಾಯಿತು. ಪಂಪಿನ ಸದ್ದು ಯಾವ ಕಡೆಯಿಂದ ಬಂತು ಅನ್ನುವುದೂ ಗೊತ್ತಾಯಿತು. ಮೇಲಿನ ತುಂಡು ಮಾರಿದ ಕಥೆ ಮೊದಲ ಅಂಕದಲ್ಲಿ ಬಂದಿದ್ದರೆ ಸಾಕು, ಪ್ರೇಕ್ಷಕರು ತಾವೇ ಕೂಡಿಸಿಕೊಳ್ಳುತ್ತಾರೆ. ಅವರು ಕೂಡಿಸಿಕೊಂಡ ಲೆಕ್ಕ ನೀವು ಹೇಳಿದ ಲೆಕ್ಕಕ್ಕಿಂತ ಹೆಚ್ಚು ಚುಚ್ಚುತ್ತದೆ.

ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ವಿಧಿ, ಹಣೆಬರಹ, ದೈವ, ಶಾಪ ಅನ್ನುವ ಪದಗಳನ್ನೆಲ್ಲ ಹೊಡೆದು ಹಾಕಿ. ಎಲ್ಲೋ ಒಂದು ಕಡೆ ಬೇಕೇ ಬೇಕು ಅನಿಸಿದರೆ, ಅದನ್ನು ನಂಬದ ಪಾತ್ರದ ಬಾಯಲ್ಲಿ ಇಡಿ.

ನಗು ಮರೆಯಬೇಡಿ. ಚೆಕಾಫ್ ತನ್ನ ಚೆರಿ ತೋಟವನ್ನು ಕಾಮಿಡಿ ಎಂದೇ ಕರೆದಿದ್ದ. ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಅದನ್ನು ದುರಂತದಂತೆ ಆಡಿಸಿದ್ದು ಚೆಕಾಫ್‌ಗೆ ಸರಿ ಬರಲಿಲ್ಲ. ಮುಳುಗುತ್ತಿರುವ ಮನೆಯಲ್ಲೂ ಜನ ಊಟದ ತಟ್ಟೆಗೆ ಜಗಳ ಆಡುತ್ತಾರೆ, ಕಳೆದುಹೋದ ಚಪ್ಪಲಿ ಹುಡುಕುತ್ತಾರೆ, ಅಪ್ಪನ ಗೊರಕೆಗೆ ನಗುತ್ತಾರೆ. ನಗದ ಮನೆ ಹೋದರೆ ಯಾರಿಗೂ ಏನೂ ಅನಿಸುವುದಿಲ್ಲ.

ಹಂತ 7: ತೋಟವನ್ನು ವೇದಿಕೆಗೆ ತರುವುದು

ತೋಟ ವೇದಿಕೆಯಲ್ಲಿ ಹಿಡಿಸುವುದಿಲ್ಲ. ಹಿಡಿಸಲು ಹೋಗಬೇಡಿ. ಪ್ಲಾಸ್ಟಿಕ್ ಎಲೆ ಅಂಟಿಸಿದ ಮರ ಮೂರನೇ ಸಾಲಿನಿಂದಲೇ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತದೆ. ಮನೆಯ ಒಳಗೂ ಹೊರಗೂ ಅಲ್ಲದ ಜಾಗವನ್ನು ಮುಖ್ಯ ರಂಗಸಜ್ಜಿಕೆ ಮಾಡಿ. ಜಗಲಿ, ಹಿತ್ತಿಲ ಬಾಗಿಲು, ಅಂಗಳ. ಒಳಗಿನ ಮಾತು ಹೊರಗೆ ಕೇಳುತ್ತದೆ, ಹೊರಗಿನ ಬೆಳಕು ಒಳಗೆ ಬೀಳುತ್ತದೆ. 1924ರ "ಡಿಸೈರ್ ಅಂಡರ್ ದಿ ಎಲ್ಮ್ಸ್" ಎಂಬ ತನ್ನ ತೋಟದ ಮನೆ ನಾಟಕದಲ್ಲಿ ಅಮೆರಿಕದ ಯೂಜೀನ್ ಓನೀಲ್ ಇನ್ನೂ ಮುಂದೆ ಹೋಗಿ, ಮನೆಯ ಹೊರಗೋಡೆಯನ್ನು ಬೇಕಾದಾಗ ತೆಗೆದು ಒಳಗಿನ ಕೋಣೆಗಳು ಕಾಣುವ ಹಾಗೆ ಸೂಚಿಸಿದ್ದಾನೆ. ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತಿದೆ ಅಂತ ಪಾತ್ರಕ್ಕೆ ಗೊತ್ತಿಲ್ಲ, ನಮಗೆ ಕಾಣುತ್ತಿದೆ. ವಿಧಿಯನ್ನು ಬಡಗಿಯ ಕೈಯಿಂದ ಮಾಡಿಸಿದ ಹಾಗೆ. ದುಡ್ಡು ಕಮ್ಮಿ ಇದ್ದರೆ ಎರಡು ಬಾಗಿಲ ಚೌಕಟ್ಟು ಮತ್ತು ಬೆಳಕಿನಿಂದಲೂ ಇದನ್ನು ಸಾಧಿಸಬಹುದು.

ಬಾವಿಯ ವಿಷಯ. ನೆಲ ಕೊರೆಯುವ ಹಾಗಿಲ್ಲ. ಹಾಗಾಗಿ ಸೊಂಟದೆತ್ತರದ ಮರದ ಕಟ್ಟೆ ಮಾಡಿ, ಒಳಗೆ ಒಬ್ಬರು ಕೂರುವಷ್ಟು ಜಾಗ ಬಿಡಿ. ಅಕ್ಕ ಹಗ್ಗ ಬಿಡುತ್ತಾಳೆ, ಒಳಗಿನವರು ಎಳೆದುಕೊಂಡು ಸುತ್ತಿಡುತ್ತಾರೆ. ಖಾಲಿ ಕೊಡ ಬಿಚ್ಚಿ ನೀರಿನ ಕೊಡ ಕಟ್ಟಿ, ಹಗ್ಗವನ್ನು ಹದವಾಗಿ ಬಿಗಿ ಹಿಡಿದು ಬಿಡುತ್ತಾರೆ. ಆ ಬಿಗಿ ಇಲ್ಲದಿದ್ದರೆ ನಟಿಯ ಭುಜ ಸುಳ್ಳು ಹೇಳುತ್ತದೆ. ನಮ್ಮ ಒಂದು ಪ್ರಯೋಗದಲ್ಲಿ ಒಳಗೆ ಕೂತ ಹುಡುಗ ಎರಡನೇ ಅಂಕದ ಹೊತ್ತಿಗೆ ನಿದ್ದೆ ಹೋಗಿಬಿಟ್ಟ. ಅಕ್ಕನ ಪಾತ್ರಧಾರಿ ಹಗ್ಗ ಎಳೆದಳು, ಬರಲಿಲ್ಲ. ಇನ್ನೊಮ್ಮೆ ಎಳೆದಳು. ಕೊನೆಗೆ ಬಾವಿಗೆ ಬಗ್ಗಿ, "ಇವತ್ತು ಬಾವಿಯೇ ಮಲಗಿದೆ" ಅಂದಳು. ಸಭೆ ನಕ್ಕಿತು, ಹುಡುಗ ಎದ್ದ. ಆ ಮಾತು ಮುಂದಿನ ಪ್ರಯೋಗಗಳಲ್ಲಿ ಹಾಗೇ ಉಳಿಯಿತು.

ರಾಟೆಗೆ ಕಟ್ಟಿದ ಅಡ್ಡತೊಲೆ ತುಂಬಿದ ಕೊಡದ ಭಾರಕ್ಕೆ ಅಲುಗಬಾರದು. ಪ್ರತಿ ಪ್ರಯೋಗಕ್ಕೂ ಮುಂಚೆ ಒಬ್ಬರು ಜೋತುಬಿದ್ದು ನೋಡಲಿ. ನೆಲದ ಮೇಲೆ ನೀರು ಚೆಲ್ಲುವ ಕಡೆ ಗೋಣಿ ಹಾಸಿ, ವೈರು ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ನಿಜವಾದ ಮಣ್ಣು ಹರಡುವ ಆಸೆ ಇದ್ದರೆ ಕೆಳಗೆ ಟಾರ್ಪಾಲ್ ಹಾಸಿ, ಮಣ್ಣನ್ನು ಜರಡಿ ಹಿಡಿದು ಸ್ವಲ್ಪ ತೇವ ಮಾಡಿ. ಒಣಮಣ್ಣಿನ ಧೂಳಲ್ಲಿ ಸಾಯುವ ಪಾತ್ರ ಕೆಮ್ಮಿದರೆ ನೋಡಲು ಕಷ್ಟ. ಕತ್ತಿ, ಕುಡುಗೋಲು ಬಳಸುವುದಾದರೆ ಬಾಯಿ ಮೊಂಡ ಮಾಡಿಸಿ. ದೀಪಕ್ಕೆ ಬೆಂಕಿ ಬೇಡ, ಬ್ಯಾಟರಿ ಬಲ್ಬ್ ಸಾಕು.

ಬೆಳಕಿನಲ್ಲಿ ಎಲ್ಲರೂ ಮರೆಯುವುದು ಒಂದೇ: ಸೂರ್ಯ ಒಂದೇ ಕಡೆ ಹುಟ್ಟಬೇಕು. ಮೊದಲ ಹಂತದ ನಕ್ಷೆ ಈಗ ಕೆಲಸಕ್ಕೆ ಬರುತ್ತದೆ. ಬೆಳಗ್ಗೆ ಎಡ ವಿಂಗ್‌ನಿಂದ ಬಂದರೆ ಸಂಜೆ ಬಲದಿಂದ. ಸಂಜೆಗೆ ದೀಪವನ್ನು ತಲೆಯೆತ್ತರಕ್ಕಿಂತ ಕೆಳಗೆ ಇಟ್ಟರೆ ನೆರಳು ಉದ್ದ ಬೀಳುತ್ತದೆ, ರಾಟೆಯ ಕಂಬದ ನೆರಳು ಅಂಗಳ ದಾಟಿ ಮನೆಯ ಗೋಡೆ ಏರುತ್ತದೆ. ಅದಕ್ಕಿಂತ ಹೆಚ್ಚಿನ ಅಲಂಕಾರ ಬೇಡ.

ಸದ್ದಿಗೆ ಪಂಪು ಸಾಕು. ಮೊದಲ ಅಂಕದಲ್ಲಿ ಎಲ್ಲೋ ದೂರ, ಗಮನಿಸದಷ್ಟು. ಎರಡನೆಯದರಲ್ಲಿ ಮಾತಿನ ನಡುವೆ ಕೇಳುವಷ್ಟು. ಮೂರನೆಯದರಲ್ಲಿ ಅದು ನಿಲ್ಲುವುದೇ ಇಲ್ಲ, ಪಾತ್ರಗಳು ದನಿ ಏರಿಸಿ ಮಾತಾಡಬೇಕಾಗುತ್ತದೆ. ಬೇಲಿಯಾಚೆಯವರು ರಂಗದ ಮೇಲೆ ಬರುವುದೇ ಬೇಡ.

ಹಂತ 8: ತಾಲೀಮು

ದಿನಕ್ಕೆ ಎರಡೂವರೆ ಗಂಟೆಯಂತೆ ಆರು ವಾರ ಇಟ್ಟುಕೊಳ್ಳಿ. ಮೊದಲ ವಾರ ಬರೀ ಓದು. ಜೋರಾಗಿ ಓದಿಸಿ, ಗಡಿಯಾರ ಇಟ್ಟು ಅಳೆಯಿರಿ. ಓದಿಗೆ ಒಂದೂವರೆ ಗಂಟೆ ಹಿಡಿದರೆ, ಕೆಲಸ, ಮೌನ ಎಲ್ಲ ಸೇರಿ ಪ್ರಯೋಗ ಅದಕ್ಕಿಂತ ಉದ್ದವಾಗುತ್ತದೆ. ಕತ್ತರಿ ಹಾಕುವುದಿದ್ದರೆ ಈಗಲೇ ಹಾಕಿ. ನಟರು ಬಾಯಿಪಾಠ ಮಾಡಿದ ಮೇಲೆ ಸಾಲು ತೆಗೆದರೆ ಅವರ ಮುಖ ನೋಡಲಾಗುವುದಿಲ್ಲ.

ಎರಡನೇ ವಾರ ಮಾತು ಬಿಟ್ಟು ಕೆಲಸ ಕಲಿಸಿ. ನೀರು ಸೇದುವುದು, ಕೊಡ ಸೊಂಟಕ್ಕೆ ಏರಿಸುವುದು, ಹಗ್ಗ ಸುತ್ತುವುದು, ಮಣ್ಣಾದ ಕಾಲು ತೊಳೆದು ಒಳಗೆ ಬರುವುದು. ಹಗ್ಗ ಹಿಡಿದ ಕೈ ಹುಸಿಯಾದರೆ ಆಡಿದ ಮಾತೂ ಹುಸಿಯಾಗುತ್ತದೆ. ಒಂದು ದಿನ ಎಲ್ಲರನ್ನೂ ಪಾತ್ರವಾಗಿಯೇ ಕೂರಿಸಿ, ಒಂದು ಮಾತೂ ಆಡದೆ ಊಟ ಮಾಡಿಸಿ. ಯಾರು ಮೊದಲು ಕೂತರು, ಯಾರು ಬಡಿಸಿದರು, ಯಾರು ಅಪ್ಪನ ಕಡೆ ನೋಡಲಿಲ್ಲ ಅನ್ನುವುದನ್ನು ನೋಡಿ ಬರೆದುಕೊಳ್ಳಿ. ವೇದಿಕೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಅನ್ನುವ ರಂಗನಡೆ ಅರ್ಧ ಅಲ್ಲೇ ಸಿಗುತ್ತದೆ.

ಮೂರು, ನಾಲ್ಕನೇ ವಾರ ದೃಶ್ಯ ದೃಶ್ಯವಾಗಿ ಕಟ್ಟಿ. ನಟರಿಗೆ ಪದೇ ಪದೇ ಹೇಳಬೇಕಾದ ಮಾತೊಂದಿದೆ: ಕೊನೆ ಗೊತ್ತಿರುವ ಹಾಗೆ ಆಡಬೇಡಿ. ಮೊದಲ ದೃಶ್ಯದಿಂದಲೇ ಮುಖ ಸಪ್ಪೆ ಮಾಡಿಕೊಂಡು ಬರುವ ಅಕ್ಕನನ್ನು ಯಾರೂ ನಂಬುವುದಿಲ್ಲ. ಸಾಲದ ಕಾಗದಕ್ಕೆ ಸಹಿ ಹಾಕುವಾಗ ತಮ್ಮ ಖುಷಿಯಾಗಿರಬೇಕು. ನಿಜವಾಗಿ ಖುಷಿಯಾಗಿರಬೇಕು, ಅಂತೂ ಒಂದು ದಾರಿ ಸಿಕ್ಕಿತಲ್ಲ ಅಂತ. ಅವನ ಖುಷಿ ಎಷ್ಟೋ, ಸಭೆಯ ಹೊಟ್ಟೆಯಲ್ಲಿ ಸಂಕಟ ಅಷ್ಟು.

ಐದನೇ ವಾರ ಬೆಳಕು, ಸದ್ದು, ರಂಗಪರಿಕರ ಸೇರಿಸಿ. ಆರನೇ ವಾರ ನಿಲ್ಲಿಸದೆ ಪೂರ್ತಿ ಓಟ, ಕೊನೆಗೆ ಗ್ರ್ಯಾಂಡ್ ರಿಹರ್ಸಲ್.

ಹಂತ 9: ಮುಗಿಸುವುದು, ಪರೀಕ್ಷಿಸುವುದು

ಕೊನೆಯ ದೃಶ್ಯ ಚಿಕ್ಕದಿರಲಿ. ತೋಟ ಹೋಯಿತು ಅಂತ ಗೊತ್ತಾದ ಮೇಲೆ ಐದು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ. ಓನೀಲ್‌ನ ಆ ನಾಟಕ ಹೇಗೆ ಮುಗಿಯುತ್ತದೆ ಗೊತ್ತಾ? ಒಂದು ಮನೆ ಪೂರ್ತಿ ಹಾಳಾಗಿದೆ. ಅಪರಾಧಿಗಳನ್ನು ಹಿಡಿದುಕೊಂಡು ಹೋಗಲು ಬಂದ ಅಧಿಕಾರಿ ಒಂದು ಕ್ಷಣ ನಿಂತು ತೋಟದ ಮೇಲೆ ಕಣ್ಣಾಡಿಸಿ, ಚೆನ್ನಾಗಿದೆ, ನನ್ನದಾಗಿದ್ದರೆ ಅಂತ ಆಸೆಪಡುತ್ತಾನೆ. ಅಷ್ಟೇ. ಮುಂದಿನ ಕಥೆ ಅಲ್ಲಿಂದ ಶುರುವಾಗಬಹುದು ಅಂತ ಅವನಿಗೆ ಗೊತ್ತಿಲ್ಲ.

ನಮ್ಮ ಅಕ್ಕನಿಗೂ ಕೊನೆಯಲ್ಲಿ ಮಾತು ಬೇಡ. ಅವಳು ಹಗ್ಗ ಸುತ್ತುತ್ತಾಳೆ. ಮೂರು ಗಂಟನ್ನೂ ಒಂದೊಂದಾಗಿ ಬಿಚ್ಚುತ್ತಾಳೆ. ಬಿಗಿದ ಗಂಟು ಬಿಚ್ಚಲು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಮೂರನೆಯದು ಬಿಚ್ಚಿದಾಗ ದೀಪ ಆರುತ್ತದೆ.

ಗ್ರ್ಯಾಂಡ್ ರಿಹರ್ಸಲ್‌ಗೆ ಕಥೆ ಗೊತ್ತಿಲ್ಲದ ಏಳೆಂಟು ಜನರನ್ನು ಕರೆಯಿರಿ. ಎರಡನೇ ಅಂಕ ಮುಗಿದ ಕೂಡಲೇ ಕೇಳಿ: ಮುಂದೆ ಏನಾಗುತ್ತದೆ? ಯಾರಿಗೂ ಗೊತ್ತಾಗಿಲ್ಲ ಅಂದರೆ ಸುಳಿವು ಸಾಲದು, ಮೊದಲ ಅಂಕಕ್ಕೆ ಹೋಗಿ ಸೇರಿಸಿ. ಎಲ್ಲರೂ ಸರಿಯಾಗಿ ಹೇಳಿ ಆಕಳಿಸಿದರೆ ಸುಳಿವು ಜಾಸ್ತಿಯಾಗಿದೆ, ಅರ್ಧ ತೆಗೆಯಿರಿ. "ತೋಟ ಹೋಗುತ್ತೆ ಅನಿಸುತ್ತೆ, ಆದರೆ ಆ ಹುಡುಗ ಸಹಿ ಹಾಕದೇ ಇದ್ದಿದ್ರೆ..." ಅಂತ ಯಾರಾದರೂ ಎಳೆದರೆ, ಇನ್ನೇನನ್ನೂ ಮುಟ್ಟಬೇಡಿ. ಟಿಕೆಟ್ ಅಚ್ಚು ಹಾಕಿಸಿ. ಬಾವಿಯೊಳಗೆ ಕೂರುವ ಹುಡುಗನಿಗೆ ಊಟವಾದ ತಕ್ಷಣ ಕೂರಬೇಡ ಅಂತ ಹೇಳಿ.